ಮೈಕಿಗೆ ಒಂದು ಗೇಣು ದೂರ

ನಮ್ಮ ರೇಡಿಯೋ ಕೇಂದ್ರಕ್ಕೆ ಹೊಸದಾಗಿ ಬರುವ ಉದ್ಘೋಷಕರಿಗೆ ಮೈಕ್ ಮುಂದೆ ಕೂರುವುದನ್ನು ಕಲಿಸುವ ಕೆಲಸ ಈಗ ನನ್ನದು. ಮೊದಲ ದಿನ ಪುಸ್ತಕ, ಪೆನ್ನು ಏನೂ ಬೇಡ ಅನ್ನುತ್ತೇನೆ. ಕೈ ಎತ್ತಿ, ಹೆಬ್ಬೆರಳು ಕಿರುಬೆರಳು ಪೂರ್ತಿ ಬಿಡಿಸಿ ಒಂದು ಗೇಣು ಅಳೆಯಿರಿ. ಹೆಬ್ಬೆರಳು ತುಟಿಗೆ, ಕಿರುಬೆರಳು ಮೈಕಿಗೆ. ಅಷ್ಟೇ ದೂರ ಸಾಕು. ಮುಖ ಮೈಕಿಗೆ ನೇರ ಬೇಡ, ಒಂಚೂರು ಓರೆ ಇರಲಿ. ನೇರ ಇದ್ದರೆ ‘ಪ’ ಬಂದಾಗಲೆಲ್ಲ ಬಾಯಿಯ ಗಾಳಿ ಮೈಕಿಗೆ ಬಡಿದು ಡಬ್ ಅನ್ನುತ್ತದೆ. ಕೊಡಗಿನಲ್ಲಿ ‘ಪ’ ಇಲ್ಲದೆ ಒಂದು ಬೆಳಗ್ಗೆಯೂ ಕಳೆಯುವುದಿಲ್ಲ. ಪೊನ್ನಂಪೇಟೆ, ಪಾಲಿಬೆಟ್ಟ, ಪಾರಾಣೆ, ಪುತ್ತರಿ.

ಆ ಒಂದು ಗೇಣನ್ನು ಕಲಿಯುವ ಮೊದಲು ನಾನು ಬೇರೆ ಎರಡು ಕೆಲಸ ಮಾಡಿದ್ದೆ. ಮೊದಲು ಹಾಕಿ ಗೋಲ್‌ಕೀಪರ್. ಆಮೇಲೆ ಆರ್ಕೆಸ್ಟ್ರಾದಲ್ಲಿ ಹಾಡುಗಾರ್ತಿ. ಈಗ ರೇಡಿಯೋ. “ಎಲ್ಲಿಂದ ಎಲ್ಲಿಗೆ ಬಂದ್ರಿ ಅಕ್ಕ!” ಅಂತ ಹೊಸ ಹುಡುಗರು ಕೇಳುತ್ತಾರೆ. ಅದು ಅಷ್ಟೊಂದು ದೂರದ ದಾರಿ ಅಂತ ನನಗೆ ಅನಿಸಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಸರ್ಟಿಫಿಕೇಟು, ಕಪ್ಪು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಮೈಗೆ ಹತ್ತಿದ್ದ ಒಂದೆರಡು ರೂಢಿ ಮಾತ್ರ ಜೊತೆಗೆ ಬಂತು. ಅದನ್ನೂ ಪ್ರತಿ ಸಲ ಸ್ವಲ್ಪ ತಿದ್ದಿಕೊಳ್ಳಬೇಕಾಯಿತು. ಆ ತಿದ್ದುವ ಕೆಲಸದ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆ ನಾಪೋಕ್ಲು ಹತ್ತಿರ. 1997ರಲ್ಲಿ ನನಗೆ ಹನ್ನೊಂದು ವರ್ಷ. ಪಾಂಡಂಡ ಕುಟ್ಟಪ್ಪ ಅವರು ಕರಡ ಊರಿನಲ್ಲಿ 60 ಕುಟುಂಬಗಳ ತಂಡ ಸೇರಿಸಿ ಕೊಡವ ಕುಟುಂಬ ಹಾಕಿ ಶುರು ಮಾಡಿದ ವರ್ಷ ಅದು. ಅದೇ ವರ್ಷ ನಾನು ಸ್ಪೋರ್ಟ್ಸ್ ಹಾಸ್ಟೆಲ್ ಸೇರಿದೆ. ಓಟದಲ್ಲಿ ಹಿಂದೆ, ಆದರೆ ಚೆಂಡಿಗೆ ಹೆದರುತ್ತಿರಲಿಲ್ಲ. ಹಾಗಾಗಿ ಕೋಚ್ ಸರ್ ನನಗೆ ಪ್ಯಾಡ್ ಕಟ್ಟಿಸಿದರು. ಹಾಕಿ ಗೋಲು 3.66 ಮೀಟರ್ ಅಗಲ, 2.14 ಮೀಟರ್ ಎತ್ತರ. ಹನ್ನೊಂದು ವರ್ಷದ ಹುಡುಗಿಗೆ ಅದು ದನದ ಕೊಟ್ಟಿಗೆಯಷ್ಟು ದೊಡ್ಡದಾಗಿ ಕಂಡಿತ್ತು.

ಮೊದಲ ಎರಡು ವರ್ಷ ಸರ್ ನನಗೆ ಚೆಂಡು ತಡೆಯುವುದಕ್ಕಿಂತ ಮಾತಾಡುವುದನ್ನೇ ಜಾಸ್ತಿ ಕಲಿಸಿದರು. “ಕೀಪರ್ ಮಾತಾಡ್ತಾ ಇರಬೇಕು ಮಗಾ. ಪೂರ್ತಿ ಮೈದಾನ ಕಾಣೋದು ನಿನಗೊಬ್ಬಳಿಗೇ. ನೀನು ಸುಮ್ನಿದ್ರೆ ಟೀಮಿಗೆ ಕಣ್ಣಿಲ್ಲ.” ನಾನು ಮಾತಾಡಲು ಶುರು ಮಾಡಿದೆ. “ಎಡಕ್ಕೆ! ಎಡಕ್ಕೆ!” ಅಂತ ಕೂಗಿದರೆ ಮುಂದಿದ್ದ ನಾಲ್ಕೂ ಹುಡುಗಿಯರು ಎಡಕ್ಕೆ ತಿರುಗುತ್ತಿದ್ದರು. ಬಲಗಡೆ ಖಾಲಿ. ಚೆಂಡು ಒಳಗೆ.

ಒಂದು ಸಂಜೆ ಸರ್ ಬರೀ ಪೆನಾಲ್ಟಿ ಕಾರ್ನರ್ ಅಭ್ಯಾಸ ಮಾಡಿಸಿದರು. ಪೆನಾಲ್ಟಿ ಕಾರ್ನರಿನಲ್ಲಿ ಗೋಲ್ ಲೈನ್ ಹಿಂದೆ ನಿಲ್ಲುವುದು ಕೀಪರ್ ಸೇರಿ ಐದೇ ಜನ. ನಮ್ಮ ಉಳಿದ ಆರು ಜನ ನಡುಗೆರೆಯ ಆಚೆ. ಆ ಕಡೆಯವರು ಚೆಂಡು ತಳ್ಳುತ್ತಾರೆ, ಡಿ (ಗೋಲಿನ ಮುಂದಿನ ಅರ್ಧವೃತ್ತ) ಹೊರಗೆ ಒಬ್ಬಳು ನಿಲ್ಲಿಸುತ್ತಾಳೆ, ಇನ್ನೊಬ್ಬಳು ಹೊಡೆಯುತ್ತಾಳೆ. ಇಷ್ಟೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಅಷ್ಟರಲ್ಲಿ ನಾನು ಒಬ್ಬಳಿಗೆ ಒಂದು ಕೆಲಸ ಹೇಳಬೇಕು. ಸರ್ ಅವತ್ತು ಹೇಳಿಕೊಟ್ಟದ್ದು ಇಷ್ಟೇ: ಹೆಸರು ಮೊದಲು, ಕೆಲಸ ಆಮೇಲೆ. ಹೆಸರು ಕಿವಿಗೆ ಬಿದ್ದ ಕೂಡಲೇ ಆ ಹುಡುಗಿಯ ಮೈ ಎಚ್ಚರ ಆಗುತ್ತದೆ. ಮುಂದಿನ ಮಾತು ತನಗೆ ಅಂತ ಅವಳಿಗೆ ಗೊತ್ತಾಗುತ್ತದೆ. ಉಳಿದ ಮೂವರು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ.

ಗೋಲಾದರೆ ಏನು ಮಾಡಬೇಕು ಅನ್ನುವುದಕ್ಕೂ ಅವರ ಹತ್ತಿರ ಒಂದು ನಿಯಮ ಇತ್ತು. ಬಲೆಯಿಂದ ಚೆಂಡು ತೆಗೆಯುವುದು ಕೀಪರೇ. ತೆಗೆದು, ನಡುಗೆರೆಯ ಕಡೆ ಉರುಳಿಸಿ, ಪ್ಯಾಡ್ ಪಟ್ಟಿ ಒಂದು ಸಲ ಬಿಗಿ ಮಾಡಿಕೊಂಡು ನಿಲ್ಲಬೇಕು. ಯಾರ ಮುಖವನ್ನೂ ನೋಡಬಾರದು. ಪ್ಯಾಡ್ ಪಟ್ಟಿ ಬಿಗಿ ಮಾಡುವಷ್ಟು ಹೊತ್ತು ಮಾತ್ರ ಬೇಸರ ಮಾಡಿಕೊಳ್ಳಬಹುದು. ಆ ಪಟ್ಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

2005ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಮುಂದೆ ನುಗ್ಗಿ ಬಂದವಳ ಕಾಲಿಗೆ ಜಾರಿ ಬಿದ್ದು ಬಲ ಮೊಣಕಾಲಿನ ಲಿಗಮೆಂಟ್ ಹೋಯಿತು. ಆಟ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಆ ಮಳೆಗಾಲ ಪೂರ್ತಿ ಮನೆಯ ಮಂಚದ ಮೇಲೆ ಕಳೆಯಿತು. ಹೆಂಚಿನ ಮೇಲೆ ಮಳೆ, ಪಕ್ಕದಲ್ಲಿ ಅಜ್ಜನ ರೇಡಿಯೋ. 103.1ರಲ್ಲಿ ಆಕಾಶವಾಣಿ ಮಡಿಕೇರಿ. ಹಾಡು ಬಂದರೆ ಜೊತೆಗೆ ಹಾಡುತ್ತಿದ್ದೆ. ಮಾಡಲು ಬೇರೆ ಏನೂ ಇರಲಿಲ್ಲ.

ಅಜ್ಜ ಅದೇ ರೇಡಿಯೋ ತೋರಿಸಿ 1975ರ ಕಥೆ ಹೇಳುತ್ತಿದ್ದರು. ಮಾರ್ಚ್ 15, ಕ್ವಾಲಾಲಂಪುರದಲ್ಲಿ ಹಾಕಿ ವಿಶ್ವಕಪ್ ಫೈನಲ್, ಪಾಕಿಸ್ತಾನದ ವಿರುದ್ಧ 2-1 ಗೆಲುವು. ನಮ್ಮ ಬಿ.ಪಿ. ಗೋವಿಂದ ಆ ತಂಡದಲ್ಲಿದ್ದರು. ಜಸ್ದೇವ್ ಸಿಂಗ್ ಅವರ ಹಿಂದಿ ಕಾಮೆಂಟರಿ. ಅಜ್ಜನಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. “ಸ್ವರ ಏರಿದ್ರೆ ಚೆಂಡು ಡಿ ಹತ್ತಿರ ಬಂತು ಅಂತ, ಇಳಿದ್ರೆ ನಡುವಲ್ಲಿದೆ ಅಂತ. ಅಷ್ಟು ಸಾಕಾಗ್ತಿತ್ತು” ಅನ್ನುತ್ತಿದ್ದರು. ಹೆಸರು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತಂತೆ. ಗೋವಿಂದ ಅಂದಾಗ ಮನೆಯವರೆಲ್ಲ ಎದ್ದು ನಿಲ್ಲುತ್ತಿದ್ದರಂತೆ.

ಹಾಡು ಕೆಲಸವಾಗಿದ್ದು ಒಂದು ಮದುವೆಯಲ್ಲಿ. ಕಾಲು ಸರಿಯಾದ ಮೇಲೆ, ನೆಂಟರ ಮದುವೆಯಲ್ಲಿ ವಾಲಗ ನಿಂತ ಹೊತ್ತಿಗೆ ಆರ್ಕೆಸ್ಟ್ರಾದವರ ಮೈಕ್ ಹಿಡಿದು ಎರಡು ಹಾಡು ಹಾಡಿದೆ. ಕೀಬೋರ್ಡ್ ನುಡಿಸುತ್ತಿದ್ದ ಅಣ್ಣ ಫೋನ್ ನಂಬರ್ ಕೇಳಿದರು. ಮುಂದಿನ ಏಳು ವರ್ಷ ಅವರ ವ್ಯಾನೇ ನನ್ನ ಆಫೀಸು. ಕುಶಾಲನಗರ, ಹುಣಸೂರು, ಸುಳ್ಯ, ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ. ಮಳೆಗಾಲದಲ್ಲಿ ಕೊಡಗಿನಲ್ಲಿ ಮದುವೆ ಇಲ್ಲ, ದುಡಿಮೆಯೂ ಇಲ್ಲ.

ಮೊದಲ ರಿಹರ್ಸಲ್‌ನಲ್ಲಿ ಆ ಅಣ್ಣ ಹೇಳಿದ ಮಾತನ್ನು ನಾನು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ. “ನೀನು ಮೈದಾನದ ಆಚೆ ತುದಿಗೆ ಕೂಗ್ತಾ ಇದ್ದೀಯ. ಆಚೆ ತುದಿಗೆ ತಲುಪಿಸೋಕೆ ಸ್ಪೀಕರ್ ಇದೆ. ನೀನು ಮೈಕಿಗೆ ಹಾಡು, ಸಾಕು.” ಎಂಟು ವರ್ಷ ನಾನು ಮಾಡಿದ್ದೇ ಆಚೆ ತುದಿಗೆ ಕೂಗುವ ಕೆಲಸ. ಅದರಿಂದ ಹೊಟ್ಟೆಯಿಂದ ಉಸಿರು ತೆಗೆಯುವುದು ಬಂದಿತ್ತು, ಅದು ಲಾಭ. ಆದರೆ ಗಂಟಲು ಬಿಗಿ ಹಿಡಿಯುವುದೂ ಬಂದಿತ್ತು. ಉಸಿರು ಉಳಿಸಿಕೊಂಡು ಗಂಟಲು ಸಡಿಲ ಬಿಡಲು ಒಂದು ವರ್ಷ ಹಿಡಿಯಿತು. ಹಾಡಿನ ಪುಸ್ತಕದಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆಲ್ಲ ಪೆನ್ಸಿಲಿನಲ್ಲಿ ಒಂದು ಸಣ್ಣ ಗೆರೆ ಹಾಕುವುದನ್ನು ಅವರೇ ಕಲಿಸಿದರು. ಇವತ್ತು ಸುದ್ದಿ ಓದುವ ಹಾಳೆಯ ಮೇಲೂ ನಾನು ಅದೇ ಗೆರೆ ಹಾಕುತ್ತೇನೆ.

ಆ ದಿನಗಳಲ್ಲಿ ಮನೆಯಲ್ಲಿದ್ದ ರಾತ್ರಿ ಈಟಿವಿ ಕನ್ನಡದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹಾಡಿನ ಸ್ಪರ್ಧೆ ‘ಎದೆ ತುಂಬಿ ಹಾಡುವೆನು’ ತಪ್ಪಿಸುತ್ತಿರಲಿಲ್ಲ. ಅಷ್ಟು ದೊಡ್ಡ ಗಾಯಕರು ನಿರೂಪಕರಾಗಿ ಕೂತಾಗ ಏನು ಮಾಡುತ್ತಾರೆ ಅಂತ ನೋಡುತ್ತಿದ್ದೆ. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಹೇಳುತ್ತಿದ್ದರು. ಸ್ಪರ್ಧೆಗೆ ಬಂದ ಮಗು ಎಡವಿದ ಜಾಗವನ್ನು ಮೆಲ್ಲಗೆ ತೋರಿಸುತ್ತಿದ್ದರು. ತಾವು ಹಾಡಿ ತೋರಿಸಿದರೂ ಗಮನ ಮಗುವಿನ ಮೇಲೇ ಇರುತ್ತಿತ್ತು. ನಮ್ಮ ಆರ್ಕೆಸ್ಟ್ರಾದಲ್ಲಿ ಎರಡು ಹಾಡುಗಳ ನಡುವೆ ಯಾರೂ ಮಾತಾಡುತ್ತಿರಲಿಲ್ಲ. ನಾನು ಶುರು ಮಾಡಿದೆ. ಒಂದೆರಡು ವಾಕ್ಯ, ಅಷ್ಟೇ. ಊಟದ ಎಲೆಯಿಂದ ತಲೆ ಎತ್ತಿ ಜನ ನೋಡುವುದನ್ನು ಕಂಡೆ. ನನ್ನ ಮೂರನೇ ಕೆಲಸ ಆ ಒಂದೆರಡು ವಾಕ್ಯದಲ್ಲೇ ಹುಟ್ಟಿತು ಅನಿಸುತ್ತದೆ.

ಒಂದು ಬೇಸಿಗೆ, ಕುಟುಂಬ ಹಾಕಿಯ ಮೈದಾನದಲ್ಲಿ ವೀಕ್ಷಕ ವಿವರಣೆಗೆ ಜನ ಬೇಕಾಗಿತ್ತು. ಕೀಪರ್ ಆಗಿದ್ದವಳು, ಮೈಕ್ ಹಿಡಿದವಳು ಅಂತ ನನ್ನನ್ನು ಕೂರಿಸಿದರು. ಇಲ್ಲಿ ಒಂದು ಕಷ್ಟ ಇದೆ, ಬೇರೆ ಯಾವ ಹಾಕಿಯಲ್ಲೂ ಇಲ್ಲದ್ದು. ಒಂದು ತಂಡದ ಹನ್ನೊಂದೂ ಜನರ ಮನೆಹೆಸರು ಒಂದೇ! ಅಪ್ಪ, ಮಗಳು, ಚಿಕ್ಕಪ್ಪನ ಮಗ ಎಲ್ಲ ಒಟ್ಟಿಗೆ ಆಡುತ್ತಿರುತ್ತಾರೆ. ಮನೆಹೆಸರು ಹೇಳಿದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೆಸರು, ಜೆರ್ಸಿ ನಂಬರ್, ಅದೂ ಚೆಂಡು ಅವರ ಸ್ಟಿಕ್ ಬಿಡುವ ಮೊದಲು ಹೇಳಬೇಕು. ಆಟ ಶುರುವಾಗುವ ಮೊದಲು ಎರಡೂ ತಂಡದ ಹತ್ತಿರ ಹೋಗಿ ಹೆಸರು ಬರೆದುಕೊಂಡು, ಅವರ ಎದುರೇ ಜೋರಾಗಿ ಓದಿ, ಸರಿನಾ ಅಂತ ಕೇಳುತ್ತಿದ್ದೆ. ಈ ಟೂರ್ನಿ 2024ರಲ್ಲಿ ನಮ್ಮ ನಾಪೋಕ್ಲಿನಲ್ಲೇ 360 ತಂಡ ಸೇರಿ ಗಿನ್ನೆಸ್ ದಾಖಲೆಗೆ ಹೋಯಿತು. ಅಷ್ಟು ತಂಡ, ಅಷ್ಟೂ ಹೆಸರು. ವಿವರಣೆ ಕೊಟ್ಟವರ ಶ್ರಮ ಎಷ್ಟು ಅಂತ ಆ ಕುರ್ಚಿಯಲ್ಲಿ ಕೂತವರಿಗೆ ಗೊತ್ತು.

ಅಲ್ಲಿ ನನ್ನ ದನಿ ಕೇಳಿದ ಹಿರಿಯರೊಬ್ಬರು ರೇಡಿಯೋಗೆ ಅರ್ಜಿ ಹಾಕು ಅಂದರು. 2013ರಲ್ಲಿ ಬರವಣಿಗೆ ಪರೀಕ್ಷೆ, ಧ್ವನಿ ಪರೀಕ್ಷೆ ಮುಗಿಸಿ ಒಳಗೆ ಬಂದೆ.

ಮೊದಲ ವಾರದಲ್ಲೇ ಗೊತ್ತಾಯಿತು, ಇಲ್ಲಿ ನನ್ನ ಹಾಡಿನ ದನಿಯೂ ಜಾಸ್ತಿ. ವಾಕ್ಯದ ಕೊನೆಯನ್ನು ಎಳೆಯುತ್ತಿದ್ದೆ. ವೇದಿಕೆಯಲ್ಲಿ ಅದು ಬೇಕು, ಚಪ್ಪಾಳೆ ಬರುವ ಜಾಗ ಅದು. ಸ್ಟುಡಿಯೋದಲ್ಲಿ ಚಪ್ಪಾಳೆ ಇಲ್ಲ. ಹಿರಿಯ ಮೇಡಂ ಒಬ್ಬರು ಮೂರು ದಿನ ನನ್ನ ಎದುರಿಗೇ ಕುರ್ಚಿ ಹಾಕಿ ಕೂತರು. ನನ್ನ ಸ್ವರ ಏರಿದಾಗ ಅಂಗೈ ಮೆಲ್ಲಗೆ ಕೆಳಗಿಳಿಸುವರು. ಒಂದು ಮಾತೂ ಆಡುತ್ತಿರಲಿಲ್ಲ. ಮೂರನೇ ದಿನ ಹೇಳಿದರು: “ಮನೆಯಲ್ಲಿ ಅವ್ವ ಅಕ್ಕಿ ರೊಟ್ಟಿ ಬೇಯಿಸ್ತಾ ಇರ್ತಾರಲ್ಲ, ಅವರಿಗೆ ಹೇಳು. ಒಲೆಯ ಹತ್ತಿರ ಇರೋರ ಮುಂದೆ ಯಾರೂ ಕೂಗಲ್ಲ ಅಲ್ವಾ?” ಆವತ್ತು ಗೇಣು ಸರಿಹೋಯಿತು.

ಎರಡನೇ ತಿಂಗಳಲ್ಲಿ ದೊಡ್ಡ ತಪ್ಪು ಮಾಡಿದೆ. ಹಾಡು ಮುಗಿಯಿತು, ನಾನು ಮಾತಾಡಿದೆ, ಪೂರ್ತಿ ಒಂದು ನಿಮಿಷ ಮಾತಾಡಿದೆ. ಮೈಕಿನ ದನಿಯನ್ನು ಹೊರಗೆ ಬಿಡುವ ಫೇಡರ್ ಎತ್ತಿರಲಿಲ್ಲ. ಹೆಡ್‌ಫೋನ್ ಕೊರಳಿನಲ್ಲಿತ್ತು, ಕಿವಿಯಲ್ಲಿರಲಿಲ್ಲ. ಗಾಜಿನ ಆಚೆಯಿಂದ ಇಂಜಿನಿಯರ್ ಕೈ ಬೀಸಿದಾಗಲೇ ಗೊತ್ತಾಗಿದ್ದು. ಎದೆ ಧಸಕ್ ಅಂದಿತು. ಆದರೆ ಕೈ ತಾನಾಗಿ ಕುರ್ಚಿಯ ಪಟ್ಟಿಗೆ ಹೋಯಿತು. ಪ್ಯಾಡ್ ಪಟ್ಟಿ ಬಿಗಿ ಮಾಡುವ ಹಾಗೆ. ಫೇಡರ್ ಎತ್ತಿದೆ, “ಅಡಚಣೆಗೆ ಕ್ಷಮೆ ಇರಲಿ” ಅಂದೆ, ಮುಂದಿನ ಹಾಡು ಹೇಳಿದೆ. ಒಂದೇ ಸಲ ಕ್ಷಮೆ, ಒಂದೇ ವಾಕ್ಯ. ಲಾಗ್ ಬುಕ್ಕಿನಲ್ಲಿ ಸಮಯ ಸಹಿತ ಬರೆದೆ. ಅಳು ಬಂದಿದ್ದು ಡ್ಯೂಟಿ ಮುಗಿದ ಮೇಲೆ. ಹೊಸಬರು ತಪ್ಪಿಗಿಂತ ಜಾಸ್ತಿ ಹಾಳಾಗುವುದು ತಪ್ಪಿನ ನಂತರದ ಐದು ನಿಮಿಷದಲ್ಲಿ. ಹಿಂದಿನ ತಪ್ಪನ್ನೇ ಯೋಚಿಸುತ್ತಾ ಮುಂದಿನ ಹೆಸರನ್ನೂ ತಪ್ಪು ಓದುತ್ತಾರೆ. ಹಾಗಾಗಿ ಅವರಿಗೂ ಒಂದು ಪಟ್ಟಿ ಹುಡುಕಿಕೊಳ್ಳಿ ಅನ್ನುತ್ತೇನೆ. ಒಬ್ಬ ಹುಡುಗ ವಾಚು ಬಿಗಿ ಮಾಡಿಕೊಳ್ಳುತ್ತಾನೆ.

ಆಟದಿಂದ ಹಾಡಿಗೆ ಬಂದವರ ಬಗ್ಗೆ ಒಮ್ಮೆ ಅರ್ಧ ಗಂಟೆಯ ಕಾರ್ಯಕ್ರಮ ಬರೆದೆ. ಅದಕ್ಕಾಗಿ ಓದುವಾಗ ಹೂಲಿಯೋ ಇಗ್ಲೇಸಿಯಾಸ್ ಸಿಕ್ಕಿದರು. ಸ್ಪೇನಿನ ಆ ಪಾಪ್ ಗಾಯಕ ಹುಡುಗನಾಗಿದ್ದಾಗ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಗೋಲ್‌ಕೀಪರ್! 1963ರಲ್ಲಿ, ಇಪ್ಪತ್ತು ತುಂಬುವ ಹೊತ್ತಿಗೆ, ಕಾರು ಅಪಘಾತ. ಕಾಲು ಸ್ವಾಧೀನ ತಪ್ಪಿತು. ಬಹಳ ಕಾಲ ನಡೆಯಲು ಆಗಲಿಲ್ಲ. ಆಸ್ಪತ್ರೆಯಲ್ಲಿ ನೋಡಿಕೊಳ್ಳುತ್ತಿದ್ದ ಒಬ್ಬರು ಕೈಗೆ ಗಿಟಾರ್ ಕೊಟ್ಟರು. 1968ರಲ್ಲಿ ಬೆನಿಡಾರ್ಮ್ ಊರಿನ ಹಾಡಿನ ಸ್ಪರ್ಧೆ ಗೆದ್ದರು, 1970ರಲ್ಲಿ ಯೂರೋವಿಷನ್‌ನಲ್ಲಿ ಸ್ಪೇನ್ ಪರವಾಗಿ ಹಾಡಿದರು. ಈ ಕಥೆ ಹೇಳುವವರೆಲ್ಲ ಗೆದ್ದದ್ದನ್ನು ಜಾಸ್ತಿ ಹೇಳುತ್ತಾರೆ. ನಾನು ಗಿಟಾರಿನ ಹತ್ತಿರ ನಿಂತೆ. ಅದನ್ನು ಕೊಟ್ಟದ್ದು ಹಾಡುಗಾರ ಆಗಲಿ ಅಂತ ಅಲ್ಲ. ಬೆರಳು ಆಡಲಿ, ಕೈಗೆ ಚುರುಕು ಬರಲಿ ಅಂತ. ಮಂಚದ ಮೇಲೆ ಮಲಗಿದ ಕೀಪರ್ ಏನು ಯೋಚಿಸುತ್ತಾನೆ ಅಂತ ನನಗೆ ಗೊತ್ತಿತ್ತು. ಆ ಭಾಗ ಓದುವಾಗ ಎರಡು ಕಡೆ ಉಸಿರಿನ ಗೆರೆ ಜಾಸ್ತಿ ಹಾಕಿಕೊಂಡಿದ್ದೆ.

ಅದೇ ಕಾರ್ಯಕ್ರಮದಲ್ಲಿ ಯಾನಿಕ್ ನೋವಾ ಬಗ್ಗೆಯೂ ಹೇಳಿದೆ. 1983ರಲ್ಲಿ ಫ್ರೆಂಚ್ ಓಪನ್ ಟೆನಿಸ್ ಗೆದ್ದವರು, ಮುಂದೆ ಫ್ರಾನ್ಸಿನ ದೊಡ್ಡ ಗಾಯಕರಾದರು. 1991ರಲ್ಲಿ ಅವರು ನಡೆಸಿದ ಡೇವಿಸ್ ಕಪ್ ತಂಡ ಅಮೆರಿಕವನ್ನು ಸೋಲಿಸಿದಾಗ, ಆಟಗಾರರೆಲ್ಲ ಅಂಗಳದಲ್ಲೇ ಅವರ ಹಾಡಿಗೆ ಕುಣಿದರು. ನಮ್ಮ ಅಶ್ವಿನಿ ನಾಚಪ್ಪ ಓಟದಿಂದ ತೆಲುಗು ಸಿನಿಮಾಕ್ಕೆ ಹೋಗಿ, ಆಮೇಲೆ ಗೋಣಿಕೊಪ್ಪದ ಕಡೆ ಶಾಲೆ ಕಟ್ಟಿದ್ದನ್ನೂ ಸೇರಿಸಿದೆ. ಅವರ ಹೆಸರು ಬಂದ ಕೂಡಲೇ ಕೇಳುಗರ ಫೋನ್ ಶುರುವಾಯಿತು.

ಆದರೆ ನನ್ನ ಮೂರೂ ಕೆಲಸ ಒಂದೇ ಕಡೆ ಸೇರಿದ್ದು 2018ರ ಆಗಸ್ಟ್‌ನಲ್ಲಿ.

ಆ ಮಳೆ ಕೊಡಗಿನವರಿಗೆ ನೆನಪು ಮಾಡಬೇಕಾಗಿಲ್ಲ. ಗುಡ್ಡ ಜಾರಿತು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಹೋಯಿತು. ಎಷ್ಟೋ ಕಡೆ ಕರೆಂಟ್ ಇಲ್ಲ, ಮೊಬೈಲ್ ಇಲ್ಲ. ಸೆಲ್ ಹಾಕಿದ ರೇಡಿಯೋ ಮಾತ್ರ ಉಳಿದಿತ್ತು, ಜೀಪಿನ ರೇಡಿಯೋ ಇತ್ತು. ನಮಗೆ ಚೀಟಿಗಳು ಬರುತ್ತಿದ್ದವು. ಯಾವ ರಸ್ತೆ ಬಂದ್, ಪರಿಹಾರ ಕೇಂದ್ರ ಎಲ್ಲಿ, ಯಾವ ಊರಿನವರು ಯಾವ ಕಡೆ ಹೋಗಬೇಕು. ಮಳೆಯ ಲೆಕ್ಕ ಮಿಲಿಮೀಟರ್‌ನಲ್ಲಿ ಬರುತ್ತಿತ್ತು. ಕೊಡಗಿನಲ್ಲಿ ಮಿಲಿಮೀಟರ್ ಯಾರು ಕೇಳುತ್ತಾರೆ? ಪ್ರತಿ ತೋಟದಲ್ಲೂ ಮಳೆ ಅಳೆಯುವುದು ಇಂಚಿನಲ್ಲಿ. ಪಕ್ಕದಲ್ಲೇ ಕ್ಯಾಲ್ಕುಲೇಟರ್ ಇಟ್ಟುಕೊಂಡು 25.4ರಿಂದ ಭಾಗಿಸಿ ಇಂಚು ಹೇಳುತ್ತಿದ್ದೆ. “ನಿನ್ನೆ ಎಂಟು ಇಂಚು” ಅಂದರೆ ತೋಟದವರಿಗೆ ತಮ್ಮ ಗುಡ್ಡದ ಸ್ಥಿತಿ ತಕ್ಷಣ ಅಂದಾಜಾಗುತ್ತದೆ.

ಚೀಟಿಯಲ್ಲಿ ವಾಕ್ಯಗಳು ಹೀಗಿರುತ್ತಿದ್ದವು: ಭಾರಿ ಮಳೆಯಿಂದ ಗುಡ್ಡ ಕುಸಿದ ಕಾರಣ ಸಾರ್ವಜನಿಕರ ಹಿತದೃಷ್ಟಿಯಿಂದ ಇಂಥ ಊರಿನ ರಸ್ತೆಯನ್ನು ಬಂದ್ ಮಾಡಲಾಗಿದೆ. ಊರಿನ ಹೆಸರು ಎಲ್ಲೋ ಕೊನೆಯಲ್ಲಿ. ಅದು ಬರುವಷ್ಟರಲ್ಲಿ ರೇಡಿಯೋ ಕರಕರ ಅಂದಿರುತ್ತದೆ, ಮಗು ಅತ್ತಿರುತ್ತದೆ. ನಾನು ಎಲ್ಲ ಚೀಟಿಯನ್ನೂ ತಿರುಗಿಸಿ ಬರೆದೆ. ಹೆಸರು ಮೊದಲು, ಕೆಲಸ ಆಮೇಲೆ. “ಮಡಿಕೇರಿ–ಸಂಪಾಜೆ ರಸ್ತೆ. ಬಂದ್ ಆಗಿದೆ. ಹೋಗಬೇಡಿ.” ಕೋಚ್ ಸರ್ ಮಾತು ಇಪ್ಪತ್ತು ವರ್ಷದ ನಂತರ ಮತ್ತೆ ಕೈಗೆ ಬಂತು.

ಆದರೆ ಅದರಲ್ಲೂ ಎಡವಿದೆ. ಹೆಬ್ಬೆಟ್ಟಗೇರಿಯ ಸುದ್ದಿ ಓದಿದ ಸ್ವಲ್ಪ ಹೊತ್ತಿಗೆ ಒಬ್ಬರ ಫೋನು. ದೂರದ ಊರಿನಲ್ಲಿದ್ದವರು, ದನಿ ನಡುಗುತ್ತಿತ್ತು. “ಅಕ್ಕ, ನೀವು ಬೆಟ್ಟಗೇರಿ ಅಂದ್ರಾ, ಹೆಬ್ಬೆಟ್ಟಗೇರಿ ಅಂದ್ರಾ? ನಮ್ಮ ಅವ್ವ ಬೆಟ್ಟಗೇರಿಯಲ್ಲಿದ್ದಾರೆ.” ಎರಡೂ ಮಡಿಕೇರಿ ಸುತ್ತಮುತ್ತಲಿನ ಊರೇ. ನಾನು ಸರಿಯಾಗಿಯೇ ಓದಿದ್ದೆ. ಆದರೆ ಹೆಸರಿನಿಂದಲೇ ಮಾತು ಶುರು ಮಾಡಿದ್ದೆ, ಫೇಡರ್ ಅರ್ಧ ಕ್ಷಣ ತಡವಾಗಿತ್ತು. ‘ಹೆ’ ಸ್ಟುಡಿಯೋದೊಳಗೇ ಉಳಿದಿತ್ತು. ಹೊರಗೆ ಹೋಗಿದ್ದು ಬೆಟ್ಟಗೇರಿ. ಒಂದು ಅಕ್ಷರ. ಅವರು ಅಷ್ಟು ಹೊತ್ತು ಏನು ಅನುಭವಿಸಿದರು ಅಂತ ಯೋಚಿಸಿದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಮೈದಾನದಲ್ಲಿ ಹೆಸರು ಮೊದಲು ಸರಿ. ಅಲ್ಲಿ ಫೇಡರ್ ಇಲ್ಲ, ಬಾಯಿ ತೆರೆದರೆ ದನಿ ಹೊರಗೆ. ಇಲ್ಲಿ ಹೆಸರಿನ ಮುಂದೆ ಒಂದು ಸಣ್ಣ ಮೆಟ್ಟಿಲು ಬೇಕು. ಆವತ್ತಿನಿಂದ ಹೀಗೆ ಓದಲು ಶುರು ಮಾಡಿದೆ: ಫೇಡರ್ ಎತ್ತು, ಒಂದು ಉಸಿರು ತೆಗೆ, “ಕೇಳಿ” ಅನ್ನು. ಆಮೇಲೆ ಹೆಸರು. ಸುದ್ದಿ. ಕೊನೆಗೆ ಇನ್ನೊಮ್ಮೆ ಹೆಸರು. “ಕೇಳಿ. ಹೆಬ್ಬೆಟ್ಟಗೇರಿ. ಹೆಬ್ಬೆಟ್ಟಗೇರಿಯವರು ಮಡಿಕೇರಿ ಕಡೆ ಬನ್ನಿ. ಮತ್ತೊಮ್ಮೆ, ಹೆಬ್ಬೆಟ್ಟಗೇರಿ.” ಆ ಉಸಿರಿನ ಜಾಗ ಆರ್ಕೆಸ್ಟ್ರಾದ ಪೆನ್ಸಿಲ್ ಗೆರೆ. ಎಷ್ಟು ಅವಸರ ಇದ್ದರೂ ಅದನ್ನು ಬಿಡಲಿಲ್ಲ. ಕೂಗಲೂ ಇಲ್ಲ. ಹೆದರಿದವರಿಗೆ ಕೂಗಿ ಹೇಳಿದರೆ ಹೆದರಿಕೆ ಮಾತ್ರ ತಲುಪುತ್ತದೆ.

ಮಳೆ ನಿಂತ ಮೇಲೆ ಒಂದು ಹಾಳೆ ತೆಗೆದುಕೊಂಡು, ಕಿವಿಗೆ ಒಂದೇ ಥರ ಕೇಳಿಸುವ ಊರುಗಳನ್ನು ಜೋಡಿ ಜೋಡಿಯಾಗಿ ಬರೆದು ಸ್ಟುಡಿಯೋ ಗೋಡೆಗೆ ಅಂಟಿಸಿದೆ. ಬೆಟ್ಟಗೇರಿ, ಹೆಬ್ಬೆಟ್ಟಗೇರಿ. ಸುಂಟಿಕೊಪ್ಪ, ಗೋಣಿಕೊಪ್ಪ. ಹಾಳೆ ಈಗ ಹಳದಿಯಾಗಿದೆ, ಕೆಳಗೆ ಬೇರೆ ಬೇರೆಯವರ ಕೈಬರಹದಲ್ಲಿ ಹೆಸರುಗಳು ಸೇರಿವೆ.

ಈ ಜೂನ್‌ನಲ್ಲಿ ಬಂದ ಹುಡುಗಿಯೂ ಹಾಕಿ ಆಡಿದವಳೇ. ಫುಲ್ ಬ್ಯಾಕ್. ದನಿ ಗಟ್ಟಿ, ಗಂಟಲು ಬಿಗಿ. ಗೇಣು ಅಳೆಸಿ ಕೂರಿಸಿದೆ. ಗೋಡೆಯ ಹಾಳೆ ನೋಡಿ ಓದು ಅಂತ ಹೇಳಿ ಗಾಜಿನ ಆಚೆ ಹೋಗಿ, ಅವಳ ಕಡೆ ಬೆನ್ನು ಹಾಕಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಮುಖ ಕಂಡರೆ ತುಟಿ ನೋಡಿಯೇ ಅರ್ಥ ಮಾಡಿಕೊಂಡು ಬಿಡುತ್ತೇವೆ, ಕೇಳುಗರಿಗೆ ತುಟಿ ಕಾಣುವುದಿಲ್ಲ. ಮೊದಲ ಸಲ ‘ಬೆಟ್ಟಗೇರಿ’ ಬಂತು. ಎರಡನೇ ಸಲವೂ ಅದೇ. ಕೈ ಎತ್ತಿ ಮತ್ತೊಮ್ಮೆ ಅಂದೆ. ಹೊರಗೆ ಮಳೆ ಜೋರಾಗುತ್ತಿತ್ತು. ಹೆಡ್‌ಫೋನಿನಲ್ಲಿ ಫೇಡರ್ ತೆರೆದುಕೊಂಡ ಸಣ್ಣ ಸದ್ದು, ಅವಳು ಉಸಿರು ತೆಗೆದ ಸದ್ದು, “ಕೇಳಿ” ಅಂದದ್ದು, ಆಮೇಲೆ ಹೆಸರು. ‘ಹೆ’ ಬಂತು.